ದನದ ಕಾಯಿಲೆಗೆ ಕಾಟಿ ಯಾಕೆ ಸಾಯಬೇಕು?

ಗುಂಡ್ಲುಪೇಟೆ ಕಡೆಯ ಒಂದು ಕಾಡಂಚಿನ ಕೆರೆ. ಮಾರ್ಚ್ ತಿಂಗಳು. ನೀರು ಅರ್ಧಕ್ಕಿಂತ ಕೆಳಗಿಳಿದು ಸುತ್ತಲೂ ಕೆಸರು ಬಿಟ್ಟುಕೊಂಡಿದೆ. ಬೆಳಿಗ್ಗೆ ಆರಕ್ಕೆ ಹೋಗಿ ಆ ಕೆಸರು ನೋಡಿದರೆ ರಾತ್ರಿಯ ಹಾಜರಿ ಪುಸ್ತಕ ತೆರೆದ ಹಾಗೆ. ಜಿಂಕೆಯ ಚೂಪು ಗೊರಸು, ಹಂದಿ ಹೊರಳಾಡಿದ ಗುಂಡಿ, ಆನೆಯ ಮೊರದಗಲದ ಹೆಜ್ಜೆ. ಅದರ ಪಕ್ಕದಲ್ಲೇ ಇನ್ನೆರಡು ಸೀಳುಗೊರಸು. ಒಂದು ದೊಡ್ಡದು, ಇನ್ನೊಂದು ತುಸು ಚಿಕ್ಕದು. ದೊಡ್ಡದು ಕಾಟಿಯದು. ಮಲೆನಾಡಿನವರು ಕಾಡುಕೋಣ ಅನ್ನುತ್ತಾರಲ್ಲ, ಅದೇ. ಚಿಕ್ಕದು ಊರಿನ ದನದ್ದು. ಗೊತ್ತಿಲ್ಲದವರ ಕಣ್ಣಿಗೆ ಎರಡೂ ಒಂದೇ. ವೈರಸ್ಸಿಗೂ ಅಷ್ಟೇ.

ಈ ಕೆಸರು ನೆನಪಾದದ್ದು ಕಾಡಿನಲ್ಲಿ ದನ ಮೇಯಿಸುವ ಜಗಳದಿಂದ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಹಿಡಿದ ಹಸುವಿನ ಹೆಣಕ್ಕೆ ವಿಷ ಹಾಕಲಾಗಿತ್ತು. ಅದಾಗಿ ತಿಂಗಳೊಳಗೆ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನೊಳಗೆ ಸಾಕುಪ್ರಾಣಿ ಮೇಯಿಸುವುದನ್ನು ತಡೆಯಿರಿ ಎಂದು ಇಲಾಖೆಗೆ ಸೂಚಿಸಿದರು. ಸಸಿ ಬೆಳೆಯುವುದಿಲ್ಲ, ಹುಲಿ-ಮನುಷ್ಯರ ನಡುವೆ ಸಂಘರ್ಷ ಆಗುತ್ತದೆ ಎಂಬ ಕಾರಣಗಳ ಜೊತೆ ಇನ್ನೊಂದೂ ಇತ್ತು: ದನಕರುಗಳಿಂದ ಕಾಡುಪ್ರಾಣಿಗಳಿಗೆ ಸೋಂಕು ಹರಡುವ ಅಪಾಯ.

ರೈತರು, ಕುರಿಗಾಹಿಗಳು ಸಿಟ್ಟಾದರು. ಚರ್ಚೆ ಎಲ್ಲ ಹುಲಿ, ಹಕ್ಕು, ಹುಲ್ಲು ಎಂಬ ಮೂರರ ಸುತ್ತ ನಡೆಯಿತು. ರೋಗದ ಮಾತು ಹಾಗೇ ಹಾರಿಹೋಯಿತು. ಒಂದು ಕಡೆಯವರಿಗೆ ಅದು ಕಡತ ಗಟ್ಟಿಮಾಡುವ ಒಂದು ಸಾಲು. ಇನ್ನೊಂದು ಕಡೆಯವರಿಗೆ ಸುಮ್ನೆ ಒಂದು ನೆಪ. ನಮ್ಮಜ್ಜನ ಕಾಲದಿಂದ ಮೇಯಿಸುತ್ತಿದ್ದೇವೆ, ಆಗಿಲ್ಲದ ರೋಗ ಈಗೆಲ್ಲಿಂದ ಬಂತು ಅನ್ನುವ ಮಾತು ಯಾವ ಹಳ್ಳಿಗೆ ಹೋದರೂ ಕೇಳುತ್ತದೆ.

ಅಜ್ಜನ ಕಾಲದಲ್ಲೂ ಇತ್ತು. ಆಗಲೇ ಜಾಸ್ತಿ ಇತ್ತು.

ಹಳಬರು ಅದನ್ನು ದೊಡ್ಡ ರೋಗ ಅನ್ನುತ್ತಿದ್ದರು. ಪುಸ್ತಕದ ಹೆಸರು ರಿಂಡರ್‌ಪೆಸ್ಟ್. ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಮೂಗಲ್ಲಿ ನೀರು, ಆಮೇಲೆ ನಿಲ್ಲದ ಭೇದಿ. ಒಂದೆರಡು ವಾರದೊಳಗೆ ಕೊಟ್ಟಿಗೆ ಖಾಲಿ. ಬೆಂಗಳೂರಿನ ಹೆಬ್ಬಾಳದಲ್ಲಿ ಇವತ್ತು ಪಶು ಲಸಿಕೆ ತಯಾರಿಸುವ ಸಂಸ್ಥೆ ಇದೆಯಲ್ಲ, ಅದನ್ನು 1925ರಲ್ಲಿ ಮೈಸೂರು ಸಂಸ್ಥಾನ ಸೀರಂ ಇನ್‌ಸ್ಟಿಟ್ಯೂಟ್ ಎಂಬ ಹೆಸರಲ್ಲಿ ತೆರೆದದ್ದೇ ಈ ರೋಗದ ಕಾಟಕ್ಕೆ. ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ದೇಶಾದ್ಯಂತ ದೊಡ್ಡ ರೋಗದ ವಿರುದ್ಧ ಲಸಿಕೆ ಕಾರ್ಯಕ್ರಮ ಶುರುವಾಯಿತು.

ಆ ಕಾರ್ಯಕ್ರಮ ನಡೆಯುತ್ತಿರುವಾಗಲೇ 1968ರಲ್ಲಿ ರೋಗ ಬಂಡೀಪುರ, ಮುದುಮಲೆ ಕಾಡಿಗೆ ನುಗ್ಗಿತು. ಆಗ ಆ ಕಾಡುಗಳಲ್ಲಿ ಸುತ್ತಲ ಊರುಗಳ ದನ ಸಲೀಸಾಗಿ ಮೇಯುತ್ತಿದ್ದವು. ಕಾಟಿ ಅಂದರೆ ದನದ ದೊಡ್ಡಪ್ಪನ ಮಗ ಇದ್ದ ಹಾಗೆ, ಅಷ್ಟು ಹತ್ತಿರದ ನೆಂಟ. ದನಕ್ಕೆ ತಗಲಿದ್ದು ಅದಕ್ಕೂ ತಗಲಿತು. ಬಂಡೀಪುರ-ಮುದುಮಲೆಯಲ್ಲಿ ಕಾಟಿಗಳು ಬಹುಮಟ್ಟಿಗೆ ಅಳಿದೇ ಹೋದವು. ಒಂದು ಟನ್ ತೂಗುವ, ಹುಲಿಯೂ ಎರಡು ಸಲ ಯೋಚಿಸಿ ಮುಟ್ಟುವ ಪ್ರಾಣಿ ಅದು. ಇವತ್ತು ಸಫಾರಿ ಜೀಪಿನಿಂದ ಫೋಟೋ ತೆಗೆಯುವ ಹಿಂಡುಗಳು ಆ ಸಾವಿನ ನಂತರ ಎಷ್ಟೋ ವರ್ಷ ಹಿಡಿದು ಮತ್ತೆ ತುಂಬಿಕೊಂಡವು. ಜೀಪಿನಲ್ಲಿ ಈ ಕಥೆ ಹೇಳುವವರು ಕಡಿಮೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ರೋಗ ಕಾಡಿಗೆ ಹೋಯಿತು, ಕಾಟಿಗಳನ್ನು ಕೊಂದಿತು. ಹಾಗಾದರೆ ಅಲ್ಲೇ ಯಾಕೆ ಉಳಿಯಲಿಲ್ಲ? ಉಳಿದು ಯಾಕೆ ಮತ್ತೆ ಮತ್ತೆ ಊರಿಗೆ ಬರಲಿಲ್ಲ?

ಉತ್ತರ ಸೌದೆಯ ಲೆಕ್ಕದಲ್ಲಿದೆ. ಈ ಥರದ ವೈರಸ್ ಒಂದು ಮೈಯಲ್ಲಿ ಹೆಚ್ಚು ದಿನ ಇರುವುದಿಲ್ಲ. ಆ ಪ್ರಾಣಿ ಸಾಯುತ್ತದೆ, ಇಲ್ಲವೇ ಗುಣವಾಗಿ ಬದುಕಿರುವ ತನಕ ರಕ್ಷಣೆ ಪಡೆಯುತ್ತದೆ. ಅಷ್ಟರಲ್ಲಿ ವೈರಸ್ ಇನ್ನೊಂದು ಹೊಸ ಮೈಗೆ ಹಾರಬೇಕು. ಕಾಟಿಗಳದ್ದು ಸಣ್ಣ ಸಣ್ಣ ಹಿಂಡು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಗುಡ್ಡ, ಕಣಿವೆ. ನಾಲ್ಕು ಸೌದೆ ಉರಿದು ಒಲೆ ಆರಿತು. ಊರಿನ ದನಗಳದ್ದು ಹಾಗಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕ ಒಂದರಲ್ಲೇ ಸುಮಾರು 85 ಲಕ್ಷ ದನ, 30 ಲಕ್ಷದಷ್ಟು ಎಮ್ಮೆ, ಒಂದು ಕೋಟಿಗೂ ಮೀರಿ ಕುರಿ ಇವೆ. ದಿನವೂ ಹೊಸ ಕರು ಹುಟ್ಟುತ್ತದೆ. ವಾರಕ್ಕೊಂದು ಸಂತೆ. ಲಾರಿಯಲ್ಲಿ ಒಂದು ಜಿಲ್ಲೆಯಿಂದ ಇನ್ನೊಂದು ಜಿಲ್ಲೆಗೆ ಸಾಗಾಟ. ಈ ಒಲೆಗೆ ಸೌದೆ ಮುಗಿಯುವುದೇ ಇಲ್ಲ.

ಇದು ಬರೀ ಲೆಕ್ಕಾಚಾರ ಅಲ್ಲ. ದೊಡ್ಡದಾಗಿ ಪರೀಕ್ಷೆಯೂ ಆಗಿದೆ, ಆಫ್ರಿಕದಲ್ಲಿ. ರಿಂಡರ್‌ಪೆಸ್ಟ್ ಅಲ್ಲಿಗೆ ಕಾಲಿಟ್ಟದ್ದು 1880ರ ದಶಕದ ಕೊನೆಗೆ, ಎರಿಟ್ರಿಯಾದ ಕಡೆಯಿಂದ, ಹಡಗಲ್ಲಿ ಬಂದ ದನಗಳ ಜೊತೆ. ಹತ್ತು ವರ್ಷದೊಳಗೆ ಖಂಡದ ಆ ತುದಿ, ದಕ್ಷಿಣ ಆಫ್ರಿಕ ಮುಟ್ಟಿತು. ದಾರಿಯಲ್ಲಿ ದನ, ಕಾಡೆಮ್ಮೆ, ವಿಲ್ಡೆಬೀಸ್ಟ್ ಎಂಬ ದೊಡ್ಡ ಹುಲ್ಲೆ ಎಲ್ಲವನ್ನೂ ಸವರಿಕೊಂಡು ಹೋಯಿತು. ದನವನ್ನೇ ನಂಬಿದ್ದ ಮಂದಿ ಹಸಿದು ಸತ್ತರು.

ಆಮೇಲೆ ಎಷ್ಟೋ ದಶಕ ಅಲ್ಲಿನ ದನದ ಡಾಕ್ಟರುಗಳು ನಂಬಿದ್ದು ಒಂದೇ: ಈ ರೋಗದ ಮನೆ ಕಾಡು. ಟಾಂಜಾನಿಯಾದ ಸೆರೆಂಗೆಟಿಯ ವಿಲ್ಡೆಬೀಸ್ಟ್ ಕರುಗಳು ವರ್ಷ ವರ್ಷವೂ ಸಾಯುತ್ತಿದ್ದವು. ಕಾಡಲ್ಲಿ ರೋಗ ಇರುವ ತನಕ ನಮ್ಮ ದನಕ್ಕೆ ಮುಕ್ತಿ ಇಲ್ಲ ಅಂದುಕೊಂಡಿದ್ದರು. ಅಷ್ಟರಲ್ಲಿ ಸೆರೆಂಗೆಟಿ ಸುತ್ತಲಿನ ಊರುಗಳ ದನಗಳಿಗೆ ಲಸಿಕೆ ಹಾಕುತ್ತಾ ಬಂದರು. 1963ರ ಹೊತ್ತಿಗೆ ವಿಲ್ಡೆಬೀಸ್ಟ್ ಕರುಗಳ ಸಾವು ನಿಂತುಹೋಯಿತು. ಒಂದೇ ಒಂದು ವಿಲ್ಡೆಬೀಸ್ಟಿಗೆ ಯಾರೂ ಸೂಜಿ ಚುಚ್ಚಿರಲಿಲ್ಲ! ರೋಗದ ಮನೆ ಕೊಟ್ಟಿಗೆಯಾಗಿತ್ತು, ಕಾಡು ಅದು ಆಗಾಗ ಹೋಗಿ ಬರುವ ನೆಂಟರ ಮನೆ.

ಅಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟದ ಭಾಗ. ಎರಡೂವರೆ ಲಕ್ಷದಷ್ಟಿದ್ದ ವಿಲ್ಡೆಬೀಸ್ಟ್ 1977ಕ್ಕೆ 13 ಲಕ್ಷ ದಾಟಿದವು. ಅಷ್ಟು ಬಾಯಿ ಹುಲ್ಲು ಮೇದರೆ ಏನಾಗುತ್ತದೆ? ಬೇಸಿಗೆಗೆ ಒಣಹುಲ್ಲು ಉಳಿಯುವುದಿಲ್ಲ. ಒಣಹುಲ್ಲು ಇಲ್ಲದಿದ್ದರೆ ಕಾಡ್ಗಿಚ್ಚು ಹಬ್ಬುವುದಿಲ್ಲ. ಕಿಚ್ಚು ಕಡಿಮೆಯಾದರೆ ಸಸಿ ಮರವಾಗುತ್ತದೆ. ಸೆರೆಂಗೆಟಿಯಲ್ಲಿ ಮುಂದಿನ ದಶಕಗಳಲ್ಲಿ ಮರ ಹೆಚ್ಚಿದವು, ಸಿಂಹ ಮತ್ತು ಕತ್ತೆಕಿರುಬಗಳಿಗೂ ಊಟ ಹೆಚ್ಚಿತು. ಊರ ಹಸುವಿನ ತೊಡೆಗೆ ಚುಚ್ಚಿದ ಸೂಜಿ ಕಾಡಿನ ಮರಗಳ ತನಕ ಮುಟ್ಟಿತು.

ನಮ್ಮ ದೇಶದಲ್ಲಿ ದೊಡ್ಡ ರೋಗದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ, ತಮಿಳುನಾಡಿನಲ್ಲಿ. ಲೋಕದ ಕೊನೆಯದು 2001ರಲ್ಲಿ, ಕೆನ್ಯಾದ ಮೇರು ಕಾಡಿನ ಕಾಡೆಮ್ಮೆಗಳಲ್ಲಿ. 2011ರಲ್ಲಿ ರೋಗ ಭೂಮಿಯಿಂದಲೇ ಹೋಯಿತು ಎಂದು ಘೋಷಿಸಿದರು. ಸಿಡುಬಿನ ನಂತರ ಮನುಷ್ಯ ಹೀಗೆ ತೊಲಗಿಸಿದ್ದು ಇದೊಂದೇ.

ಈಗ ಕಾಲುಬಾಯಿ ಜ್ವರಕ್ಕೆ ಬರೋಣ. ಇದು ದೊಡ್ಡ ರೋಗದಷ್ಟು ಕೊಲ್ಲುವುದಿಲ್ಲ, ಆದರೆ ಬಿಡುವುದೂ ಇಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಸೀಮೆಹಸುವಿಗೆ ಬಂದಿತ್ತು. ಮೊದಲ ದಿನ ಹುಲ್ಲು ಮೂಸಿ ಬಿಟ್ಟಿತು. ಎರಡನೇ ದಿನ ಬಾಯಿಂದ ನೂಲಿನಂತೆ ಜೊಲ್ಲು. ರಾತ್ರಿ ಕೊಟ್ಟಿಗೆಯಿಂದ ಚಪ್ ಚಪ್ ಎಂದು ತುಟಿ ಬಡಿಯುವ ಸದ್ದು. ನಾಲಿಗೆಯ ಮೇಲಿನ ಗುಳ್ಳೆ ಒಡೆದು ಸಿಪ್ಪೆ ಎದ್ದಿತ್ತು. ಗೊರಸಿನ ಸೀಳಿನಲ್ಲಿ ಹುಣ್ಣು, ಆಮೇಲೆ ಹುಳ. ಅಮ್ಮ ಪಟಿಕದ ನೀರಲ್ಲಿ ಬಾಯಿ ತೊಳೆದು, ರಾಗಿ ಅಂಬಲಿಗೆ ಬೆಲ್ಲ ಹಾಕಿ ಗೊಟ್ಟದಲ್ಲಿ ಕುಡಿಸುತ್ತಿದ್ದಳು. ಹಸು ಉಳಿಯಿತು. ಕರು ಉಳಿಯಲಿಲ್ಲ. ಎಳೆಗರುಗಳಲ್ಲಿ ಈ ವೈರಸ್ ನೇರ ಗುಂಡಿಗೆಗೇ ಹೋಗುತ್ತದೆ. ಆಮೇಲೆ ಆ ಹಸು ಬಿಸಿಲು ಕಂಡರೆ ನಾಯಿಯ ಹಾಗೆ ತೇಕುತ್ತಿತ್ತು. ಹಾಲು ಅರ್ಧಕ್ಕಿಳಿಯಿತು. 2013ರಲ್ಲಿ ಕರ್ನಾಟಕದಲ್ಲಿ ಕಾಲುಬಾಯಿ ಜ್ವರ ಎದ್ದಾಗ ಸಾವಿರಾರು ದನ ಸತ್ತವು. ಆ ವರ್ಷ ಹಾಲಿನ ಡೇರಿ ಇದ್ದ ಊರುಗಳಲ್ಲಿ ಇದ್ದವರಿಗೆ ಆ ಚಪ್ ಚಪ್ ಸದ್ದು ಗೊತ್ತು.

ಕಾಟಿಗೆ ಬಂದರೆ? ಅಂಬಲಿ ಕೊಡುವವರಿಲ್ಲ. ಗೊರಸು ಕಿತ್ತ ಪ್ರಾಣಿ ಕಲ್ಲಿನ ಗುಡ್ಡ ಹತ್ತಲಾರದು, ಹಿಂಡಿನ ಜೊತೆ ಹೆಜ್ಜೆ ಹಾಕಲಾರದು. ಹಿಂದೆ ಉಳಿದದ್ದನ್ನು ಸೀಳುನಾಯಿ ನೋಡಿಕೊಳ್ಳುತ್ತದೆ, ಇಲ್ಲವೇ ಹುಲಿ. ಎರಡು ದಿನಕ್ಕೆ ಮೂಳೆ ಮಾತ್ರ. ಬೀಟಿಗೆ ಹೋದ ಗಾರ್ಡ್ ನೋಡಿದರೂ ಹುಲಿ ಹಿಡಿದದ್ದು ಎಂದೇ ಬರೆದುಕೊಳ್ಳುತ್ತಾನೆ. ತಪ್ಪೂ ಅಲ್ಲ, ಹಿಡಿದದ್ದು ಹುಲಿಯೇ. ಹುಲಿಯ ಕೈಗೆ ಕೊಟ್ಟದ್ದು ಯಾವುದು ಅನ್ನುವುದು ಮಾತ್ರ ಕಡತಕ್ಕೆ ಬರುವುದಿಲ್ಲ. ಕಾಡಿನ ರೋಗದ ದೊಡ್ಡ ತೊಡಕೇ ಇದು. ಹುಲಿ, ಆನೆ ಸತ್ತರೆ ಮರಣೋತ್ತರ ಪರೀಕ್ಷೆ, ಪಂಚನಾಮೆ ಎಲ್ಲ ಆಗುತ್ತದೆ. ಜಿಂಕೆ, ಹಂದಿ ಸತ್ತರೆ ರಣಹದ್ದಿಗೆ ಊಟ, ಅಷ್ಟೇ.

2025ರ ನವೆಂಬರಿನಲ್ಲಿ ಬೆಳಗಾವಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯದಲ್ಲಿ ಮೂವತ್ತೊಂದು ಕೃಷ್ಣಮೃಗಗಳು ಕೆಲವೇ ದಿನಗಳಲ್ಲಿ ಒಂದರ ಹಿಂದೊಂದು ಸತ್ತವಲ್ಲ, ನೆನಪಿರಬಹುದು. ಕಾರಣ ಗಳಲೆ ರೋಗ. ನಮ್ಮ ಎಮ್ಮೆ ದನಗಳಿಗೆ ಮಳೆಗಾಲಕ್ಕೆ ಮುಂಚೆ ಲಸಿಕೆ ಹಾಕಿಸುತ್ತೇವಲ್ಲ, ಅದೇ ಗಂಟಲುಬೇನೆ. ಅಲ್ಲಿ ಬೇಲಿ ಇತ್ತು, ಎಣಿಸಿದ ಪ್ರಾಣಿಗಳಿದ್ದವು, ದಿನವೂ ಮೇವು ಹಾಕುವವರಿದ್ದರು. ಹಾಗಾಗಿ ಗೊತ್ತಾಯಿತು. ಇದೇ ಸಾವು ಬಯಲಿನ ಹುಲ್ಲುಗಾವಲಲ್ಲಿ ಆಗಿದ್ದರೆ ಪೇಪರಲ್ಲಿ ಒಂದು ಸಾಲೂ ಬರುತ್ತಿರಲಿಲ್ಲ, ಅಲ್ವಾ?

ಹಾಗಂತ ದಾರಿ ಯಾವಾಗಲೂ ಒಂದೇ ಕಡೆಗೆ ಅನ್ನುವುದೂ ಸರಿಯಲ್ಲ. ದಕ್ಷಿಣ ಆಫ್ರಿಕದ ಕಾಡೆಮ್ಮೆಗಳು ಕಾಲುಬಾಯಿ ವೈರಸ್ಸನ್ನು ವರ್ಷಗಟ್ಟಲೆ ಗಂಟಲಲ್ಲಿ ಇಟ್ಟುಕೊಂಡು, ತಾವು ಆರಾಮಾಗಿ ಓಡಾಡುತ್ತವೆ. ಅದಕ್ಕೇ ಬೋಟ್ಸ್ವಾನಾದವರು 1950ರ ದಶಕದಿಂದ ನೂರಾರು ಕಿಲೋಮೀಟರ್ ಬೇಲಿ ಹಾಕಿದರು. ಬೇಲಿಯಿಂದ ಯೂರೋಪಿಗೆ ಮಾಂಸ ಮಾರುವ ದಾರಿ ಉಳಿಯಿತು. ಬರ ಬಂದ ವರ್ಷ ನೀರಿನ ಕಡೆ ಹೊರಟ ವಿಲ್ಡೆಬೀಸ್ಟ್‌ಗಳು ಅದೇ ತಂತಿಗೆ ಬಂದು ನಿಂತು ಸಾವಿರಗಟ್ಟಲೆ ಸತ್ತವು. ನಮ್ಮ ಕಾಟಿ, ಜಿಂಕೆಗಳ ಕಥೆ ಆ ಕಾಡೆಮ್ಮೆಯದ್ದಲ್ಲ. ಇಲ್ಲಿ ಕಾಲುಬಾಯಿ ಜ್ವರದ ಜಾಡು ಹಿಡಿದು ಹೋದರೆ ಸಾಮಾನ್ಯವಾಗಿ ಊರಿನ ದನದ ಹತ್ತಿರವೇ ಹೋಗಿ ನಿಲ್ಲುತ್ತದೆ.

ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಇನ್ನೊಂದು ವಿಚಿತ್ರ. ಅಲ್ಲಿಗೆ ಕಂದು ಹಾಕಿಸುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಬಂದದ್ದು ಯೂರೋಪಿನವರು ತಂದ ದನಗಳಿಂದ. ಕಾಡುಕೋಣದ ಜಾತಿಯ ಬೈಸನ್‌ಗಳಲ್ಲಿ ಅದು 1917ರಲ್ಲಿ ಕಂಡಿತು. ಈಗ ಸುತ್ತಲ ದನಗಳಲ್ಲಿ ರೋಗ ಹೆಚ್ಚುಕಡಿಮೆ ಇಲ್ಲ, ಕಾಡಲ್ಲಿ ಇದೆ. ಪಾರ್ಕಿನ ಗಡಿ ದಾಟಿ ಬಂದ ಬೈಸನ್‌ಗಳನ್ನು ದನಕ್ಕೆ ರೋಗ ತಗಲೀತು ಎಂದು ಕೊಲ್ಲುತ್ತಾ ಬಂದರು. ಈಚಿನ ದಶಕಗಳಲ್ಲಿ ದನಕ್ಕೆ ರೋಗ ಅಂಟಿದ್ದರ ಮೂಲ ಹುಡುಕಿದರೆ ಸಿಕ್ಕಿದ್ದು ಎಲ್ಕ್ ಎಂಬ ದೊಡ್ಡ ಜಿಂಕೆ. ಬೈಸನ್ ದೊಡ್ಡದಾಗಿ ಕಾಣುತ್ತದೆ, ಹಿಂಡಾಗಿ ಬರುತ್ತದೆ, ಬೈಸಿಕೊಳ್ಳುತ್ತದೆ.

ಹಂದಿಜ್ವರದ್ದು ಇನ್ನೂ ಹೊಸ ಕಥೆ. ಆಫ್ರಿಕನ್ ಹಂದಿಜ್ವರ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2020ರಲ್ಲಿ, ಅಸ್ಸಾಂ ಮತ್ತು ಅರುಣಾಚಲದ ಸಾಕುಹಂದಿಗಳಲ್ಲಿ. ಮೂರೇ ವರ್ಷಕ್ಕೆ, 2023ರ ಆರಂಭದಲ್ಲಿ, ಬಂಡೀಪುರಕ್ಕೆ ಅಂಟಿಕೊಂಡೇ ಇರುವ ಮುದುಮಲೆಯಲ್ಲಿ ಕಾಡುಹಂದಿಗಳು ಸತ್ತವು. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ. ಹಂದಿಯ ಹಾವಳಿ ಕಡಿಮೆಯಾದರೆ ಒಳ್ಳೆಯದೇ ಅಂತ ಜೋಳ ಬೆಳೆಯುವವರು ಒಳಗೊಳಗೇ ಅಂದುಕೊಂಡಿದ್ದರೂ ಅಚ್ಚರಿ ಇಲ್ಲ. ಆದರೆ ಹಂದಿ ಚಿರತೆ, ಹುಲಿಯ ದಿನಸಿ. ದಿನಸಿ ಖಾಲಿಯಾದರೆ ಅವು ಎಲ್ಲಿ ನೋಡುತ್ತವೆ ಅನ್ನುವುದು ಕೊಟ್ಟಿಗೆ ಇದ್ದವರಿಗೆ ಹೇಳಬೇಕಿಲ್ಲ.

ದನಕ್ಕೆ ಏನೂ ಆಗದೆ, ದನದಿಂದಲೇ ದೊಡ್ಡದಾಗುವ ಕಾಯಿಲೆಯೂ ಇದೆ. ಅದು ನಮ್ಮದೇ, ಲೋಕಕ್ಕೆ ನಮ್ಮೂರಿನ ಹೆಸರಲ್ಲಿ ಗೊತ್ತಿರುವುದು. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬಂತು. ಯೆಲ್ಲೋ ಫೀವರ್ ಇರಬಹುದೇ ಎಂದು ಮೊದಲು ಹೆದರಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹುಡುಕಿ, ಇದು ಉಣ್ಣೆ ಹರಡುವ ಹೊಸ ವೈರಸ್ ಎಂದು ಹೇಳಿದರು. ಮಂಗನ ಕಾಯಿಲೆ.

ಉಣ್ಣೆಯ ಬಾಳು ಮೂರು ಮನೆಯದ್ದು. ಮರಿ ಒಂದು ಪ್ರಾಣಿಯ ರಕ್ತ ಕುಡಿದು ಉದುರುತ್ತದೆ, ಮೈ ಬದಲಿಸಿ ಇನ್ನೊಂದನ್ನು ಹತ್ತುತ್ತದೆ, ದೊಡ್ಡದಾಗಿ ಮೂರನೆಯದನ್ನು ಹತ್ತುತ್ತದೆ. ಚಿಕ್ಕವಿದ್ದಾಗ ಇಲಿ, ಹಕ್ಕಿ, ಮಂಗ. ಎಳ್ಳಿನಷ್ಟಿರುವ ಎರಡನೇ ಹಂತದ್ದೇ ಮನುಷ್ಯರಿಗೆ ಕಚ್ಚಿ ಕಾಯಿಲೆ ಕೊಡುವುದು. ಬೆಳೆದ ಉಣ್ಣೆಗೆ ದೊಡ್ಡ ಮೈ ಬೇಕು. ಕಡವೆಯಾದರೂ ಸರಿ, ಕಾಟಿಯಾದರೂ ಸರಿ, ದನ ಸಿಕ್ಕರೆ ಇನ್ನೂ ಸರಿ. ದನದ ಕಿವಿಯಲ್ಲಿ, ಕೆಚ್ಚಲ ಸಂದಿಯಲ್ಲಿ ಹೊಟ್ಟೆ ತುಂಬಾ ಕುಡಿದು, ಹರಳಿನ ಬೀಜದಂತೆ ಉಬ್ಬಿ, ಉದುರಿ, ತರಗೆಲೆಯಡಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ದನಕ್ಕೆ ಜ್ವರ ಇಲ್ಲ, ಸಾವಿಲ್ಲ. ಅದು ಉಣ್ಣೆಗೆ ಊಟ ಹಾಕುವ ಛತ್ರ, ಅಷ್ಟೇ. ಕಾಡು ಕಡಿದು ನಡುನಡುವೆ ಗದ್ದೆ, ತೋಟ ಮಾಡಿ, ಪಕ್ಕದ ಪೊದೆಗೆ ದನ ಬಿಟ್ಟ ಕಡೆಯಲ್ಲೆಲ್ಲ ಛತ್ರ ವರ್ಷವಿಡೀ ತೆರೆದಿರುತ್ತದೆ.

ಜನವರಿ, ಫೆಬ್ರವರಿಯಲ್ಲಿ ಮಲೆನಾಡಿನವರು ಸೊಪ್ಪಿನ ಬೆಟ್ಟಕ್ಕೆ ದರಗು ಗುಡಿಸಲು ಹೋಗುತ್ತಾರೆ. ಕೊಟ್ಟಿಗೆಗೆ ಹಾಸಬೇಕು, ಅದು ಗೊಬ್ಬರವಾಗಿ ಅಡಿಕೆ ಮರದ ಬುಡಕ್ಕೆ ಹೋಗಬೇಕು. ಎಳ್ಳಿನ ಗಾತ್ರದ ಉಣ್ಣೆ ಕಚ್ಚಲು ಕಾಯುವುದೂ ಅದೇ ತಿಂಗಳುಗಳಲ್ಲಿ, ಅದೇ ದರಗಿನಲ್ಲಿ. ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಆರೋಗ್ಯ ಇಲಾಖೆಯವರು ಬಾಟಲಿ ಹಂಚುತ್ತಾರೆ. ಇದ್ದ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು, ಹೊಸದರ ಕೆಲಸ ನಡೆದಿದೆ. ಕಾಯಿಲೆ ಮಲೆನಾಡಲ್ಲೇ ನಿಂತಿಲ್ಲ. 2012ರ ಕೊನೆಗೆ ಬಂಡೀಪುರದ ಕಡೆ ಕಂಡಿತು, ಆಮೇಲೆ ವಯನಾಡು, ಗೋವಾ, ಸಿಂಧುದುರ್ಗ.

ದನವನ್ನು ದೂರುವುದು ಸುಲಭ. ದನ ಯಾಕೆ ಅಷ್ಟಿದ್ದವು ಅನ್ನುವುದನ್ನೂ ಕೇಳಬೇಕು. ವನ್ಯಜೀವಿ ವಿಜ್ಞಾನಿ ಎಂ.ಡಿ. ಮಧುಸೂದನ್ ಬಂಡೀಪುರದ ಅಂಚಿನಲ್ಲಿ ಮಾಡಿದ ಒಂದು ಅಧ್ಯಯನ 2005ರಲ್ಲಿ ಬಂತು. ಲೋಕದ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿದಾಗ ತೋಟಗಳಿಂದ ಗೊಬ್ಬರಕ್ಕೆ ಬೇಡಿಕೆ ಬಂತು. ಸಗಣಿ ಲಾರಿ ಹತ್ತಿತು. ಹಾಲು ಕೊಡದ, ಉಳಲೂ ಆಗದ ದನವೂ ಆಗ ಲಾಭದ್ದಾಯಿತು. ಬೆಳಿಗ್ಗೆ ಕಾಡಿಗೆ ಬಿಟ್ಟರೆ ಸಂಜೆ ಬಂದು ಸಗಣಿ ಹಾಕುತ್ತದೆ, ಇನ್ನೇನು ಬೇಕು? ಕಾಡಿನ ಹುಲ್ಲು ಸಗಣಿಯಾಗಿ, ಸಗಣಿ ಕಾಫಿಯಾಗಿ ಹಡಗು ಹತ್ತಿತು. ಅಷ್ಟರಲ್ಲಿ ಕಾಡಿನೊಳಗೆ ಲಂಟಾನ ಎಂಬ ಕಳೆ ಹಬ್ಬಿ ಹುಲ್ಲನ್ನು ತಿಂದುಹಾಕಿದೆ. ಉಳಿದ ಹುಲ್ಲು, ಉಳಿದ ನೀರು ಇರುವ ಕಡೆಯೇ ಕಾಟಿಯೂ ಬರಬೇಕು, ದನವೂ ಬರಬೇಕು. ಆ ಕೆರೆಯ ಕೆಸರಲ್ಲಿ ಎರಡು ಗೊರಸು ಪಕ್ಕಪಕ್ಕ ಬಿದ್ದದ್ದು ಹೀಗೆ.

ನಾವು ದನಕ್ಕೆ ಕೊಡುವ ಮದ್ದೂ ಕಾಡಿಗೆ ಹೋಗುತ್ತದೆ. ನೋವಿಗೆ ಚುಚ್ಚುತ್ತಿದ್ದ ಡೈಕ್ಲೋಫೆನಾಕ್ ಇದ್ದ ಹೆಣ ತಿಂದು ರಣಹದ್ದುಗಳು ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಅಳಿದವು. ದನಕ್ಕೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. ಹದ್ದು ಹೋದ ಮೇಲೆ ಊರಾಚೆಯ ಹೆಣ ನಾಯಿಗಳ ಪಾಲಾಯಿತು. ನಾಯಿಗಳಲ್ಲಿ ಡಿಸ್ಟೆಂಪರ್ ಎಂಬ ವೈರಸ್ ಸುತ್ತುತ್ತಿರುತ್ತದೆ. 1994ರಲ್ಲಿ ಅದು ಸೆರೆಂಗೆಟಿಯ ಸಿಂಹಗಳಲ್ಲಿ ಮೂರರಲ್ಲೊಂದು ಪಾಲನ್ನು ಕೊಂದಿತು. 2018ರಲ್ಲಿ ಗುಜರಾತಿನ ಗಿರ್ ಕಾಡಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಪತ್ತೆಯಾದ ವೈರಸ್‌ಗಳಲ್ಲಿ ಇದೂ ಒಂದು. ನಮ್ಮ ಹುಲಿಕಾಡುಗಳ ಅಂಚಿನ ಹಳ್ಳಿಗಳಲ್ಲಿ ನಾಯಿ ಎಷ್ಟಿವೆ, ಯಾವುದಕ್ಕೆ ಏನು ಲಸಿಕೆ ಆಗಿದೆ ಎಂದು ಕೇಳಿದರೆ ಪಂಚಾಯಿತಿಯವರು ನಗುತ್ತಾರೆ.

ನಮ್ಮ ಅನೇಕ ಊರುಗಳಲ್ಲಿ ಮಾರಿಹಬ್ಬ ಮುಗಿದ ಮೇಲೆ ಮಾರಿಯನ್ನು ಊರ ಗಡಿಗೆ ಒಯ್ದು ಬಿಟ್ಟು ಬರುವ ರೂಢಿ ಇದೆ. ದನದ ಬೇನೆ, ಜನದ ಬೇನೆ ಎಲ್ಲ ಅವಳ ಜೊತೆ ಗಡಿ ದಾಟಲಿ ಅಂತ. ಪಕ್ಕದ ಊರಿನವರು ಅಲ್ಲಿಂದ ಎತ್ತಿ ಮುಂದಿನ ಊರಿನ ಗಡಿಗೆ ಸಾಗಿಸುತ್ತಿದ್ದದ್ದೂ ಉಂಟು. ಕೊನೆಯ ಊರಿನ ಗಡಿ ಅಂದರೆ ಕಾಡು. ಅಲ್ಲಿಂದ ಅವಳನ್ನು ಎತ್ತಿ ಮುಂದೆ ಸಾಗಿಸುವವರು ಯಾರೂ ಇಲ್ಲ.

ಹಾಗಾದರೆ ಮೇಯಿಸುವುದನ್ನು ನಿಲ್ಲಿಸಿಬಿಟ್ಟರೆ ಆಯಿತಲ್ಲ? ರೋಗದ ಲೆಕ್ಕದಲ್ಲಿ ಮಾತ್ರ ನೋಡಿದರೆ ಹುಲಿಕಾಡಿನ ನಡುಮಧ್ಯದಲ್ಲಿ ದನ ಇಲ್ಲದಿರುವುದೇ ಒಳ್ಳೆಯದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆದೇಶ ಹೊರಟ ದಿನ ದನ ಮಾಯವಾಗುವುದಿಲ್ಲ. ನಡುಕಾಡಿನಿಂದ ಅಂಚಿಗೆ ಬರುತ್ತವೆ. ಅಂಚಿನ ಅದೇ ಕೆರೆಗೆ ಇನ್ನೂ ಜಾಸ್ತಿ ದನ. ಹಗಲು ತಡೆದರೆ ಮುಂಜಾನೆ ಕತ್ತಲಲ್ಲಿ ಹೊಡೆದುಕೊಂಡು ಹೋಗುತ್ತಾರೆ. ಕಾಡುಪ್ರಾಣಿ ನೀರಿಗಿಳಿಯುವುದೂ ಆ ಹೊತ್ತಿಗೇ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಕಾಲುಬಾಯಿ ಜ್ವರಕ್ಕೆ 2019ರಿಂದ ಕೇಂದ್ರದ ಕಾರ್ಯಕ್ರಮ ನಡೆಯುತ್ತಿದೆ. ಆರು ತಿಂಗಳಿಗೊಮ್ಮೆ ಪುಕ್ಕಟೆ ಲಸಿಕೆ. ರಕ್ಷಣೆ ಇರುವುದೇ ಹೆಚ್ಚುಕಡಿಮೆ ಆರು ತಿಂಗಳು, ಒಂದು ಸುತ್ತು ತಪ್ಪಿದರೆ ಬಾಗಿಲು ತೆರೆದ ಹಾಗೆ. ಲಸಿಕೆ ಹಾಕಿದ ದನದ ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ. ಅದು ದನದ ಆಧಾರ್. ಈಗ ನೀವೇ ಹೇಳಿ, ಕಾಡಿಗೆ ಬಿಟ್ಟರೆ ಕೇಸು ಅಂತ ಹೆದರಿರುವವನು ತನ್ನ ನಲವತ್ತು ದನವನ್ನೂ ಸರ್ಕಾರದ ಮನುಷ್ಯನ ಮುಂದೆ ತಂದು ನಿಲ್ಲಿಸಿ ನಂಬರ್ ಹಾಕಿಸಿಕೊಳ್ಳುತ್ತಾನಾ? ಮೊದಲೇ ಲಸಿಕೆ ಹಾಕಿಸಿದರೆ ನಾಲ್ಕು ದಿನ ಹಾಲು ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ ಅಂತ ಹಿಂದೇಟು. ಅದರ ಮೇಲೆ ಇದು. ಕಾಟಿಯನ್ನು ಕಾಯಬೇಕಾದ ಲಸಿಕೆ ಅದೇ ಕಾಟಿಯ ಹೆಸರಲ್ಲಿ ಹೊರಟ ಆದೇಶದಿಂದ ತಪ್ಪಿಹೋಗಬಹುದು.

ಅರಣ್ಯ ಇಲಾಖೆ, ಪಶುಪಾಲನಾ ಇಲಾಖೆ ಎರಡೂ ಒಂದೇ ಸರ್ಕಾರದವು. ಒಬ್ಬರ ಕಣ್ಣಿಗೆ ಆ ದನ ಅತಿಕ್ರಮಣ, ಇನ್ನೊಬ್ಬರ ಕಣ್ಣಿಗೆ ಗುರಿಯ ಒಂದು ಅಂಕಿ. ಕಾಡಂಚಿನ ಹಳ್ಳಿಗಳನ್ನು ಪಟ್ಟಿಯ ಮೊದಲಿಗೆ ತಂದು, ಮೇವು ಒಣಗಿ ದನ ಒಳಕ್ಕೆ ನುಗ್ಗುವ ಬೇಸಿಗೆಗೆ ಮುಂಚೆ ಅಲ್ಲಿ ಸುತ್ತು ಮುಗಿಸಬಹುದು. ಹೆಚ್ಚಿನ ಖರ್ಚಿಲ್ಲ. ಸಂತೆಯಿಂದ ತಂದ ದನವನ್ನು ಎರಡು ಮೂರು ವಾರ ಮನೆಯಲ್ಲೇ ಕಟ್ಟಿ ಮೇಯಿಸಬಹುದು. ಸತ್ತ ದನವನ್ನು ಹಳ್ಳದ ದಂಡೆಗೆ ಎಳೆದು ಬಿಡುವ ಬದಲು ಆಳಕ್ಕೆ ಹೂಳಬಹುದು, ಅದರಲ್ಲೂ ಮೂಗು ಬಾಯಲ್ಲಿ ಕಪ್ಪು ರಕ್ತ ಸೋರಿದ್ದರೆ ಕೊಯ್ಯದೆ, ಚರ್ಮ ಸುಲಿಯದೆ, ಸುಣ್ಣ ಹಾಕಿ ಹೂಳಲೇಬೇಕು. ಅದು ನೆರಡಿ ಇದ್ದೀತು, ಅಂದರೆ ಅಂಥ್ರಾಕ್ಸ್. ಅದರ ಬೀಜ ಮಣ್ಣಲ್ಲಿ ದಶಕಗಟ್ಟಲೆ ಕಾಯುತ್ತದೆ. ಇದರಲ್ಲಿ ಯಾವುದೂ ಹೊಸ ವಿದ್ಯೆ ಅಲ್ಲ.

ಕಳೆದ ವರ್ಷ ಲಸಿಕೆ ಹಾಕುವ ಒಬ್ಬ ಹುಡುಗನ ಜೊತೆ ಬೆಟ್ಟದ ಬುಡದ ಒಂದು ದೊಡ್ಡಿಗೆ ಹೋಗಿದ್ದೆ. ಬೈಕಿನ ಹಿಂದೆ ನೀಲಿ ಪೆಟ್ಟಿಗೆ, ಒಳಗೆ ಐಸು. ಲಸಿಕೆ 2ರಿಂದ 8 ಡಿಗ್ರಿ ತಂಪಲ್ಲಿರಬೇಕು. ಕೊನೆಯ ಮೂರು ಕಿಲೋಮೀಟರ್ ಬೈಕು ಹೋಗದು, ಪೆಟ್ಟಿಗೆ ಹೆಗಲ ಮೇಲೆ. ದೊಡ್ಡಿಯಲ್ಲಿ ಹದಿನಾಲ್ಕು ದನ ಇದ್ದವು. ಒಂದೊಂದನ್ನೂ ಮೂಗುದಾರ ಹಿಡಿದು, ಗೊಣಗಿಸಿಕೊಂಡು, ಒಂದು ಒದೆ ತಿಂದು ಚುಚ್ಚಿದ. ದನದ ಯಜಮಾನ ಬೇಡ ಅನ್ನಲಿಲ್ಲ, ಮಜ್ಜಿಗೆಯನ್ನೂ ಕೊಟ್ಟ.

ಇಷ್ಟೇನಾ ದನ, ಅಂತ ಹುಡುಗ ಕೇಳಿದ.

ಆತ ಬೆಟ್ಟದ ಕಡೆ ನೋಡಿದ. ಇನ್ನೊಂದಿಪ್ಪತ್ತು ಮೇಲಿವೆ, ಕತ್ತಲಾಗುವ ಹೊತ್ತಿಗೆ ಬರ್ತವೆ, ಇರ್ತೀರಾ ಅಂದ. ಹುಡುಗ ಪೆಟ್ಟಿಗೆಯ ಮುಚ್ಚಳ ತೆಗೆದು ಐಸಿನ ಪ್ಯಾಕನ್ನು ಬೆರಳಲ್ಲಿ ಒತ್ತಿ ನೋಡಿದ. ಅರ್ಧ ನೀರಾಗಿತ್ತು.